ಖಡಕ್ ರೊಟ್ಟಿಗೆ ನಾನು ಬರೆದ ಜಾಹೀರಾತು

ನಾನು ಬರೆದ ಜಾಹೀರಾತು ಓದಿ ಇವತ್ತಿನವರೆಗೆ ಒಬ್ಬರೂ ಒಂದು ರೊಟ್ಟಿ ಕೊಂಡಿಲ್ಲ. ಜೀವನವಿಡೀ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನ ಬಾಯಿಂದ ಈ ಮಾತು ಸುಲಭಕ್ಕೆ ಹೊರಡುವುದಿಲ್ಲ. ಆದರೂ ನಿಮ್ಮೆದುರು ಹೇಳಿಬಿಡುತ್ತೇನೆ.

ಬಬಲೇಶ್ವರದಲ್ಲಿರುವ ನಮ್ಮಕ್ಕ ಶಾಂತವ್ವ ನೆರೆಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಬಡಿಯುತ್ತಾಳೆ. ವಿಜಯಪುರದ ಖಾನಾವಳಿಯೊಂದು ಅವನ್ನು ದಿನವೂ ಕೊಳ್ಳುತ್ತಿತ್ತು. ಅದರ ಮಾಲೀಕರು ರೊಟ್ಟಿ ಮಾಡುವ ಯಂತ್ರ ತಂದ ದಿನವೇ ಮೂವರ ಕೈಗೂ ಕೆಲಸವಿಲ್ಲದಾಯಿತು. ಈಗ ಗಿರಾಕಿಗಳೆಲ್ಲ ಇಂಟರ್ನೆಟ್ಟಿನಲ್ಲೇ ಇರುತ್ತಾರೆ, ಹೆದರಬೇಡ ಎಂದು ನಾನು ವಿಜಯಪುರದ ಅಥಣಿ ರಸ್ತೆಯ ನನ್ನ ಮನೆಯಿಂದ ಫೋನಿನಲ್ಲೇ ಅಭಯ ಕೊಟ್ಟೆ. ರೊಟ್ಟಿಯ ಹೆಸರಲ್ಲಿ ಒಂದು ಪೇಜ್ ತೆರೆದು, “ಪೂರ್ಣಚಂದ್ರನ ಸಹೋದರಿ, ಬಿಳಿಜೋಳದ ಬೆಳುದಿಂಗಳು” ಎಂದು ಶುರುವಾಗುವ ನಾಲ್ಕು ಪ್ಯಾರಾ ಬರೆದೆ. ಹದಿನೈದು ದಿನಗಳಲ್ಲಿ ಅದನ್ನು ಮೆಚ್ಚಿದವರು ಆರು ಜನ. ಆರೂ ಜನ ನಿವೃತ್ತ ಮಾಸ್ತರರು. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಹಲ್ಲಿಲ್ಲ. ಹಿಂದಿನ ಆಸ್ಥಾನಕವಿಗಳು ಪುಣ್ಯವಂತರು. ರಾಜನನ್ನು ಹೊಗಳಿದರೆ ರಾಜನೇ ಏನಾದರೂ ಕೊಡುತ್ತಿದ್ದ. ರೊಟ್ಟಿಯನ್ನು ಹೊಗಳಿದರೆ ರೊಟ್ಟಿ ಏನು ಕೊಟ್ಟೀತು?

ಕೊನೆಗೊಮ್ಮೆ ಮೈಸೂರಿನ ಹೆಣ್ಣುಮಗಳೊಬ್ಬಳು ಪೇಜಿನಲ್ಲಿ ಕೇಳಿದಳು, ಕೊರಿಯರ್‌ನಲ್ಲಿ ರೊಟ್ಟಿ ಮುರಿಯುವುದಿಲ್ಲವೇ ಎಂದು. ಅವತ್ತು ನಾನು ಬಬಲೇಶ್ವರದಲ್ಲೇ ಇದ್ದೆ. “ಅಖಂಡತೆಗೆ ನಾವೇ ಹೊಣೆ” ಎಂದು ಬರೆಯತೊಡಗಿದಾಗ ಅಕ್ಕ ತಡೆದು, ವಿಡಿಯೊ ಹಿಡಿ ಎಂದಳು. ಒಲೆಯ ಮುಂದೆ ಕೂತೇ ಉತ್ತರ ಕೊಟ್ಟಳು.

“ಮುರೀತಾವ್ರಿ ಅಕ್ಕಾರ. ಹತ್ತರಾಗ ನಾಕು ಮುರದ ಬರ್ತಾವ. ಮುರೀಲಾರದ್ದ ಬೇಕಂದ್ರ ತಾಟ ತಿನ್ರಿ. ಮುರದದ್ದನ್ನ ಮಜ್ಜಿಗ್ಯಾಗ ನೆನಸಿ, ಸೇಂಗಾ ಹಿಂಡಿ ಹಚ್ಚಿ ಉಣ್ರಿ. ರುಚಿ ಹತ್ತಲಿಲ್ಲಂದ್ರ ನನಗ ಬೈರಿ.”

ಗಿರಾಕಿಗೆ ಊಟದ ತಟ್ಟೆಯನ್ನೇ ತಿನ್ನಲು ಹೇಳುವುದೇ? ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕ ಅದನ್ನು ಅಳಿಸಲು ಬಿಡದೆ ಹಾಗೇ ಪೇಜಿಗೆ ಹಾಕಿಸಿದಳು. ಮರುದಿನ ನೋಡಿದರೆ ಆ ವಿಡಿಯೊ ನಾನು ಹೆಸರೇ ಕೇಳದ ಊರುಗಳನ್ನೆಲ್ಲ ಸುತ್ತುತ್ತಿತ್ತು. ಮೈಸೂರಿನಾಕೆ ನಲವತ್ತು ರೊಟ್ಟಿ ತರಿಸಿದಳು. ಇನ್ನೊಬ್ಬರು ತಮಗೆ ಮುರಿದವೇ ಬೇಕೆಂದು ಹಟ ಹಿಡಿದರು. ವಾರದೊಳಗೆ ನೆರೆಯ ಇಬ್ಬರೂ ಒಲೆ ಮುಂದೆ ಮರಳಿ ಕೂತರು; ತಿಕೋಟಾದಿಂದ ಮೂರನೆಯವಳೂ ಬಂದು ಸೇರಿದಳು.

ಗಿರಾಕಿಗಳಿಗೆಲ್ಲ ಈಗ ಅಕ್ಕನೇ ಬಾಯಿಮಾತಿನಲ್ಲಿ ಉತ್ತರ ಕಳಿಸುತ್ತಾಳೆ. ನನ್ನ ನಾಲ್ಕೂ ಪ್ಯಾರಾ ತೆಗೆಸಿಬಿಟ್ಟಿದ್ದಾಳೆ. ನಾನು ಮುಖ ಸಣ್ಣದು ಮಾಡಿಕೊಂಡಾಗ ಸಮಾಧಾನವನ್ನೂ ಹೇಳಿದಳು.

“ನೀ ಛಲೋ ಬರೀತಿ ತಮ್ಮಾ. ಆದ್ರ ಅದನ್ನ ಓದಿದವ್ರಿಗೆ ಹೊಟ್ಟಿ ಹಸಿಯಂಗಿಲ್ಲ.”

ನನ್ನ ಬರವಣಿಗೆಗೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆ ಹಿಂದೆಂದೂ ಬಂದಿರಲಿಲ್ಲ. ಈಗ ಪಾರ್ಸಲ್‌ಗಳ ಮೇಲೆ ವಿಳಾಸ ಬರೆಯುವುದು ನನ್ನ ಕೆಲಸ. ಉಪಮೆಗೆ ಅಲ್ಲಿ ಜಾಗವಿಲ್ಲ. ಆದರೆ ನಾನು ಬರೆದದ್ದನ್ನು ಜನ ಮೊದಲ ಸಲ ಕೊನೆಯ ಸಾಲಿನವರೆಗೂ ಓದುತ್ತಿದ್ದಾರೆ.