ಮೂಳೆ ವಾರ್ಡಿನ ಮರೆಗುಳಿ ಆಯಮ್ಮ

ಬೆಳಗಿನ ಹಾಲಿನ ಗಾಡಿ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಆಯಮ್ಮ ಮಕ್ಕಳ ಮೂಳೆ ವಾರ್ಡಿನ ಅರ್ಧ ನೆಲ ಒರೆಸಿ ಮುಗಿಸಿರುತ್ತಾರೆ. ಕಿಟಕಿಯಾಚೆ ಇನ್ನೂ ನಸುಗತ್ತಲು. ಒಳಗೆ ಫಿನಾಯಿಲ್ ವಾಸನೆ, ಒಂದೆರಡು ಮಂಚಗಳಿಂದ ಸಣ್ಣ ಗೊರಕೆ, ಮಂಚಗಳ ನಡುವೆ ಚಾಪೆ ಹಾಸಿ ಮಲಗಿದ ತಾಯಂದಿರು. ಅವರ ನಿದ್ದೆ ಕೆಡದಂತೆ ಒರೆಸುಕೋಲನ್ನು ಸುತ್ತಿಸಿಕೊಂಡು ಹೋಗುವುದರಲ್ಲಿ ಆಯಮ್ಮನ ಕೈ ಪಳಗಿದೆ. ಮೂಲೆಯ ಮಂಚದಲ್ಲಿ ಮೊಣಕೈ ಮುರಿದುಕೊಂಡ ಹುಡುಗನೊಬ್ಬ ಆಗಲೇ ಕಣ್ಣು ಬಿಟ್ಟಿದ್ದಾನೆ.

"ಎದ್ಯೇನೋ ದೊರೆ?" ಆಯಮ್ಮ ಪಿಸುಗುಟ್ಟುತ್ತಾರೆ. "ಅದೇನೋ ಹೇಳಿದ್ಯಲ್ಲ, ಎಲೆ ಅಡುಗೆ ಮಾಡುತ್ತೆ ಅಂತ. ಅದರ ಒಲೆ ಯಾವುದು ಅಂದೆ? ಹಾಳಾದ್ದು, ಮರ್ತೇಹೋಯ್ತು."

"ಅಯ್ಯೋ ಆಯಮ್ಮ, ನಿನ್ನೆ ಹೇಳಿದ್ನಲ್ಲ! ಮೊನ್ನೇನೂ ಹೇಳಿದ್ದೆ!"

"ಮೊನ್ನೇದು ಮೊನ್ನೆಗಾಯ್ತು. ಇವತ್ತಿಂದು ಹೇಳು."

ಹುಡುಗನ ಹುಬ್ಬು ಗಂಟಿಕ್ಕುತ್ತದೆ. ತಡವರಿಸುತ್ತಾನೆ. "ಬಿಸಿಲು... ಬಿಸಿಲೇ ಒಲೆ. ನೀರು ಬೇರಿಂದ ಬರುತ್ತೆ. ಗಾಳಿ ಎಲೆಯ ಸಣ್ಣ ಸಣ್ಣ ತೂತಿಂದ ಒಳಗೆ ಹೋಗುತ್ತೆ."

"ಹೌದೇನೋ! ಆಮೇಲೆ?" ಎನ್ನುತ್ತಲೇ ಒರೆಸುಕೋಲು ಮುಂದಿನ ಮಂಚಕ್ಕೆ ಸಾಗುತ್ತದೆ. ಹುಡುಗನ ಪಾಠವೂ ಅದರ ಬೆನ್ನು ಹತ್ತಿ ಹೋಗುತ್ತದೆ.

ವಾರ್ಡಿನ ಮಕ್ಕಳು ಇವರಿಗೆ ಇಟ್ಟಿರುವ ಹೆಸರು ಮರೆಗುಳಿ ಆಯಮ್ಮ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ಏಳಲಾಗದ ಮಕ್ಕಳ ಮಲಮೂತ್ರ ಎತ್ತುವುದು, ಅವರ ತಲೆ ಬಾಚುವುದು, ಇವು ಅವರ ಕೆಲಸ. ಇವೆಲ್ಲ ಮಾಡುತ್ತಲೇ ಪ್ರಶ್ನೆ ಕೇಳುತ್ತಾರೆ. ಮುರಿದ ಮೂಳೆ ನೆಟ್ಟಗೆ ಕೂಡಲೆಂದು ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಿರಬೇಕಾದ ಮಕ್ಕಳು ಶಾಲೆಯ ಪಾಠವನ್ನು ಅವರಿಗೆ ಹೇಳಿಕೊಡುತ್ತಾರೆ. ಅವರು ಮರೆಯುತ್ತಾರೆ. ಮಕ್ಕಳು ಬೈದುಕೊಂಡು ಮತ್ತೆ ಹೇಳಿಕೊಡುತ್ತಾರೆ. ದೇಹದ ಅತಿ ಉದ್ದದ ಮೂಳೆ ಯಾವುದೆಂದು ಕೇಳಿದಾಗ ಮಾತ್ರ ಯಾರೂ ತಡವರಿಸುವುದಿಲ್ಲ. "ತೊಡೆಮೂಳೆ! ನಂದೇ ಮುರಿದಿರೋದು, ಮರೆಯಕ್ಕಾಗುತ್ತಾ?" ಎಂದು ಒಬ್ಬ ಪೋರ ನನ್ನೆದುರೇ ದಬಾಯಿಸಿದ.

ಆಯಮ್ಮನ ಸಂಗತಿ ನನ್ನ ಕಿವಿಗೆ ಬಿದ್ದದ್ದು ಆಸ್ಪತ್ರೆಯಲ್ಲಲ್ಲ, ಹೊಲಿಗೆ ಅಂಗಡಿಯಲ್ಲಿ. ಪರದೆ ಹೊಲಿಯಲು ಕೊಡಲು ಹೋಗಿದ್ದೆ. ಅಂಗಡಿಯಾಕೆಯ ಮಗಳು, ಹನ್ನೊಂದರ ಹುಡುಗಿ, ಬಟ್ಟೆ ತುಂಡುಗಳ ರಾಶಿಯ ಮೇಲೆ ಕುಳಿತು ಪುಸ್ತಕ ಮುಚ್ಚಿಕೊಂಡು ಗೋಡೆಗೆ ಪಾಠ ಹೇಳುತ್ತಿದ್ದಳು. "ಗೋಡೆ ಏನಾದ್ರೂ ಕಲಿಯಿತಾ?" ಎಂದು ತಮಾಷೆ ಮಾಡಿದೆ. ತಾಯಿ ಹೊಲಿಗೆ ಯಂತ್ರ ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದರು.

ಹಿಂದಿನ ವರ್ಷ ಈ ಹುಡುಗಿಗೆ ರಸ್ತೆ ದಾಟುವಾಗ ವ್ಯಾನೊಂದು ಗುದ್ದಿತ್ತು. ತೊಡೆಯ ಮೂಳೆ ಮುರಿದಿತ್ತು, ತಲೆಗೂ ಪೆಟ್ಟು ಬಿದ್ದಿತ್ತು. ಆಯಮ್ಮನ ವಾರ್ಡಿನಲ್ಲೇ ವಾರಗಟ್ಟಲೆ ಮಲಗಬೇಕಾಯಿತು. ಮೂಳೆಯೇನೋ ಕೂಡಿಕೊಳ್ಳತೊಡಗಿತು. ಆದರೆ ಓದಿದ್ದು ನಿಲ್ಲುತ್ತಿರಲಿಲ್ಲ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಹಾರಿಹೋಗಿರುತ್ತಿತ್ತು. ಓದಿನಲ್ಲಿ ಚುರುಕಾಗಿದ್ದ ಹುಡುಗಿ ಒಂದು ಮಧ್ಯಾಹ್ನ ವಿಜ್ಞಾನದ ಪುಸ್ತಕವನ್ನು ಗೋಡೆಗೆ ಬೀಸಿ ಒಗೆದಳು. "ನಾನು ದಡ್ಡಿ ಆಗ್ಬಿಟ್ಟೆ ಅಮ್ಮ" ಎಂದು ದಿಂಬಿನಲ್ಲಿ ಮುಖ ಹುದುಗಿಸಿದಳು. ತಾಯಿ ವರಾಂಡಕ್ಕೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಶಾಲೆಯವರು, ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಲಿ ಬಿಡಿ ಎಂದು ಆಗಲೇ ಹೇಳಿದ್ದರು.

ಪುಸ್ತಕವನ್ನು ಎತ್ತಿ, ಧೂಳು ಕೊಡವಿ, ಮಂಚದ ಪಕ್ಕದ ಕಪಾಟಿನಲ್ಲಿಟ್ಟವರು ಆಯಮ್ಮ. ಇಟ್ಟರು ಅಷ್ಟೆ, ತೆರೆಯಲಿಲ್ಲ. "ಪುಸ್ತಕ ಕಂಡ್ರೆ ಆ ಮಗು ಮುಖ ಸಣ್ಣದಾಗ್ತಿತ್ತು" ಎನ್ನುತ್ತಾರೆ ಅವರು. "ಅದಕ್ಕೆ ಬೇರೆ ಏನೇನೋ ಕೇಳ್ದೆ. ನಿನ್ನೆ ನಿಮ್ಮಪ್ಪ ಏನು ತಂದ್ರು, ಯಾವ ಬಣ್ಣದ ಅಂಗಿ ಹಾಕ್ಕೊಂಡು ಬಂದಿದ್ರು ಅಂತ. ನೆನಪು ಮಾಡ್ಕೊಂಡು ಹೇಳಿದ್ಳು. ನೋಡಿದ್ಯಾ, ನಿನ್ನ ತಲೆ ಎಲ್ಲೂ ಓಡಿಹೋಗಿಲ್ಲ, ಇಲ್ಲೇ ಇದೆ ಅಂದೆ."

ಆಮೇಲೊಂದು ಬೆಳಿಗ್ಗೆ ನೆಲ ಒರೆಸುತ್ತ, "ಈ ಒದ್ದೆ ಎಲ್ಲಾ ಒಣಗಿ ಎಲ್ಲಿಗೆ ಹೋಗುತ್ತೆ ಮಗಳೇ?" ಎಂದು ಕೇಳಿದರು. ನೀರು ಆವಿಯಾಗುವುದು, ಮೋಡವಾಗುವುದು ಹುಡುಗಿಯ ಪಾಠದಲ್ಲೇ ಇತ್ತು. ಅರೆಬರೆ ಹೇಳಿದಳು. ಮರುದಿನ ಆಯಮ್ಮ ಅದೇ ಪ್ರಶ್ನೆ ಹೊತ್ತು ಬಂದರು. ಹುಡುಗಿ ರೇಗಿದಳು, ಆದರೂ ಹೇಳಿದಳು. ಒಂದು ದಿನ ಬಿಟ್ಟು ಮತ್ತೆ ಕೇಳಿದರು. ಈ ಸಲ ಹುಡುಗಿ ರೇಗಲಿಲ್ಲ, ನಕ್ಕಳು.

"ಓದಿಸೋದು ನನಗೆ ಬರಲ್ಲ. ಕೇಳೋದು ಬರುತ್ತೆ" ಎನ್ನುತ್ತಾರೆ ಆಯಮ್ಮ. "ಪುಸ್ತಕ ಕಣ್ಣೆದುರಿಗೆ ಇದ್ರೆ ಎಲ್ಲಾ ಗೊತ್ತು ಅನ್ಸುತ್ತೆ. ಮುಚ್ಚಿದ ಮೇಲೆ ತಾನೇ ಬಂಡವಾಳ ತಿಳಿಯೋದು? ಸ್ವಲ್ಪ ಮರೀಲಿ ಅಂತ ಬಿಡ್ತೀನಿ. ಆಮೇಲೆ ಕೇಳ್ತೀನಿ. ತಡಕಾಡಿ ಹುಡುಕಿ ತಂದಿದ್ದು ಗಟ್ಟಿಯಾಗಿ ಉಳಿಯುತ್ತೆ."

ಇಷ್ಟು ಕಾಳಜಿ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ತಮ್ಮ ಬಲಗಾಲನ್ನು ತೋರಿಸುತ್ತಾರೆ. ಮೊಣಕಾಲ ಕೆಳಗೆ ಹಳೆಯ ಗಾಯದ ಗುರುತು. ಚಿಕ್ಕವರಿದ್ದಾಗ ಏಣಿಯಿಂದ ಬಿದ್ದು ತಿಂಗಳುಗಟ್ಟಲೆ ಮಲಗಿದ್ದರಂತೆ. ಎದ್ದು ಶಾಲೆಗೆ ಹೋದರೆ ಮೇಷ್ಟರು ಹೇಳುವ ಒಂದು ಮಾತೂ ತಲೆಗೆ ಹೋಗಲಿಲ್ಲ. ಗೆಳತಿಯರು ಮುಂದೆ ಹೋಗಿಬಿಟ್ಟಿದ್ದರು. ನಾಚಿಕೆಯಾಗಿ ಮನೆಯಲ್ಲೇ ಉಳಿದರು. "ಕಾಲು ಸರಿಹೋಯ್ತು, ಶಾಲೆ ತಪ್ಪಿಹೋಯ್ತು" ಎಂದು ಹೇಳಿ ಸೀರೆಯ ಅಂಚನ್ನು ಕೆಳಗೆ ಎಳೆದುಕೊಳ್ಳುತ್ತಾರೆ.

ದರ್ಜಿಯ ಮಗಳ ವಿಷಯದಲ್ಲಿ ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಹುಡುಗಿ ಚೇತರಿಸಿಕೊಳ್ಳುತ್ತಿರುವುದನ್ನು ಕಂಡು ಹುರುಪು ಹತ್ತಿದ ಆಯಮ್ಮ ಒಂದು ದಿನ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಸಂಜೆಯ ಹೊತ್ತಿಗೆ ಹುಡುಗಿಗೆ ವಿಪರೀತ ತಲೆನೋವು, ವಾಂತಿ. ಡಾಕ್ಟರು ಬಂದು ನೋಡಿ, ಸದ್ಯಕ್ಕೆ ಓದು, ಪಾಠ ಏನೂ ಬೇಡ, ತಲೆಗೆ ವಿಶ್ರಾಂತಿ ಬೇಕು ಎಂದರು. ಹಿರಿಯ ನರ್ಸ್ ಆಯಮ್ಮನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಕೆಲಸ ನೆಲದ್ದು ಆಯಮ್ಮ. ತಲೆಯದ್ದು ಡಾಕ್ಟರು ನೋಡ್ಕೋತಾರೆ."

"ಸಿಸ್ಟರ್ ಹೇಳಿದ್ರಲ್ಲಿ ತಪ್ಪಿರಲಿಲ್ಲ. ನಾನೇ ದುರಾಸೆ ಮಾಡ್ದೆ" ಎಂದು ಒಪ್ಪಿಕೊಳ್ಳುತ್ತಾರೆ ಆಯಮ್ಮ. "ಆವತ್ತು ಮನೇಲಿ ಒಂದು ತುತ್ತೂ ಇಳೀಲಿಲ್ಲ."

ಮರುದಿನದಿಂದ ಅವರು ಆ ಮಂಚದ ಬಳಿ ಬಾಯಿ ಬಿಡಲಿಲ್ಲ. ಹಾಸಿಗೆ ಬದಲಿಸಿದರು, ಜಡೆ ಹಾಕಿದರು, ನೆಲ ಒರೆಸಿ ಮುಂದೆ ಹೋದರು. ತಲೆನೋವು ಇಳಿಯಿತು. ಹುಡುಗಿ ದಿನವೂ ಅವರ ಮುಖ ನೋಡುತ್ತಿದ್ದಳು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳೇ ಕರೆದಳು: "ಆಯಮ್ಮ, ನಿಮಗೆ ಇವತ್ತೂ ಏನೂ ಮರೆತುಹೋಗಿಲ್ವಾ?"

ಆಯಮ್ಮ ಬಕೆಟ್ಟು ಕೆಳಗಿಟ್ಟು ಹಿರಿಯ ನರ್ಸಿನ ಕಡೆ ನೋಡಿದರು. ನರ್ಸ್ ಔಷಧಿಯ ತಳ್ಳುಗಾಡಿಯಲ್ಲಿ ಏನನ್ನೋ ಹುಡುಕುತ್ತಲೇ ಹೇಳಿದರು: "ಡಾಕ್ಟರನ್ನ ಕೇಳಿದ್ದೀನಿ. ಸ್ವಲ್ಪ ಸ್ವಲ್ಪ ಆಗಬಹುದಂತೆ. ಅವಳು ಸಾಕು ಅಂದ ಕೂಡಲೆ ನಿಲ್ಲಿಸ್ಬೇಕು."

ಅಲ್ಲಿಂದ ಮುಂದೆ ಒಂದು ಹೊತ್ತಿಗೆ ಒಂದೇ ಪ್ರಶ್ನೆ. ಹಾಸಿಗೆ ಬದಲಿಸುವಾಗ ವಿಜ್ಞಾನ, ತಲೆ ಬಾಚುವಾಗ ಮಗ್ಗಿ. ಭಿನ್ನರಾಶಿಯಂತೂ ಬೆಳಗಿನ ಬ್ರೆಡ್ಡಿನ ಮೇಲೆಯೇ ನಡೆಯಿತು. ಮುಕ್ಕಾಲು ಭಾಗ ನನಗೆ, ಕಾಲು ಭಾಗ ನಿನಗೆ ಎಂದು ಆಯಮ್ಮ ಮೋಸ ಮಾಡಲು ನೋಡಿದರೆ ಹುಡುಗಿ ಹಿಡಿದುಹಾಕುತ್ತಿದ್ದಳು. ತಾಯಿ ಶಾಲೆಗೆ ಹೋಗಿ ಕೈಮುಗಿದು ಕೇಳಿದ್ದರಿಂದ ಅಲ್ಲಿಯವರು ಆಸ್ಪತ್ರೆಯಲ್ಲೇ ಪರೀಕ್ಷೆ ಬರೆಸಲು ಒಪ್ಪಿದರು. ಟೀಚರೊಬ್ಬರು ಪ್ರಶ್ನೆಪತ್ರಿಕೆ ತಂದು ಮಂಚದ ಪಕ್ಕ ಕುಳಿತರು. ಊಟದ ತಟ್ಟೆ ಇಡುವ ಮೇಜೇ ಹುಡುಗಿಯ ಡೆಸ್ಕು. ಅಷ್ಟೂ ಹೊತ್ತು ಆಯಮ್ಮ ಹೊರಗೆ ವರಾಂಡ ಒರೆಸುತ್ತಿದ್ದರು. "ಒರೆಸಿದ್ದನ್ನೇ ಒರೆಸ್ತಿದ್ರು. ಜಾರಿ ಬಿದ್ದು ನನ್ನ ಸೊಂಟಾನೂ ಅದೇ ವಾರ್ಡಿಗೆ ಸೇರೋದರಲ್ಲಿತ್ತು" ಎಂದು ದರ್ಜಿ ನಗುತ್ತಾರೆ.

ಹುಡುಗಿ ಪಾಸಾದಳು. ಮೊದಲಿನಷ್ಟು ಅಂಕ ಬರಲಿಲ್ಲ, ಗಣಿತದಲ್ಲಂತೂ ಕೂದಲೆಳೆಯಲ್ಲಿ ಪಾರು. ಆದರೆ ತನ್ನ ಗೆಳತಿಯರ ಜೊತೆಯೇ ಮುಂದಿನ ತರಗತಿಗೆ ಊರುಗೋಲು ಹಿಡಿದು ನಡೆದು ಹೋದಳು. ಪೆಟ್ಟು ಬಿದ್ದ ತಲೆ ಕಾಲಕ್ರಮದಲ್ಲಿ ತಾನಾಗಿಯೂ ಸುಧಾರಿಸುತ್ತದೆ ಎಂದು ಡಾಕ್ಟರು ನನಗೆ ಹೇಳಿದರು. ಇರಬಹುದು. ಆದರೆ "ನಾನು ದಡ್ಡಿ" ಎನ್ನುವುದನ್ನು ಅವಳ ಬಾಯಿಂದ ಬಿಡಿಸಿದವರು ಯಾರು ಎಂದು ತಾಯಿಯನ್ನು ಕೇಳಿದರೆ ಉತ್ತರಕ್ಕೆ ಯೋಚಿಸುವುದಿಲ್ಲ.

"ನಿಜ ಹೇಳಿ, ನಿಮಗೆ ನಿಜವಾಗಿಯೂ ಮರೆತುಹೋಗುತ್ತದೆಯೇ?" ಎಂದು ಹೊರಡುವ ಮುನ್ನ ನಾನು ಆಯಮ್ಮನನ್ನು ಕೇಳುತ್ತೇನೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. "ಮೊದಮೊದಲು ನಿಜವಾಗ್ಲೂ ಮರೀತಿದ್ದೆ. ಈಗ ಎಲ್ಲಾ ಬಾಯಿಪಾಠ. ಗೊತ್ತಿದ್ದೂ ಗೊತ್ತಿಲ್ಲದ ಮುಖ ಮಾಡೋದಿದೆಯಲ್ಲ, ಬಕೆಟ್ಟು ಹೊರೋದಕ್ಕಿಂತ ಕಷ್ಟ. ಯಾರಿಗೂ ಹೇಳ್ಬೇಡಿ ಮತ್ತೆ."

ಅವರ ನಿವೃತ್ತಿ ಹತ್ತಿರವಿದೆ. ಆಸ್ಪತ್ರೆಯವರು ಏನಾದರೂ ಮಾಡುವುದಾದರೆ ಏನು ಬೇಕು ಎಂದರೆ, ತಮಗೆ ಏನೂ ಬೇಡ ಎನ್ನುತ್ತಾರೆ. ಆಮೇಲೆ, ಏನೋ ಹೊಳೆದವರಂತೆ ತಲೆಯೆತ್ತಿ ವಾರ್ಡಿನ ಬೋಳು ಚಾವಣಿಯನ್ನು ತೋರಿಸುತ್ತಾರೆ.

"ಗೋಡೆಗೆಲ್ಲ ಬಾತುಕೋಳಿ, ಮೊಲ ಬರೆಸಿದ್ದಾರೆ. ಅದು ನಿಂತೋರಿಗೆ ಚೆಂದ. ಕಾಲಿಗೆ ತೂಕ ಕಟ್ಕೊಂಡು ಅಂಗಾತ ಮಲಗಿದ ಮಗು ಏನು ನೋಡ್ಬೇಕು ಹೇಳಿ? ಅಲ್ಲಿ ಮೇಲೆ ಒಂದು ದೊಡ್ಡ ಭೂಪಟ ಅಂಟಿಸಿಕೊಡ್ಲಿ. ಮಲಗಿದಲ್ಲೇ ಪ್ರಪಂಚ ಎಲ್ಲಾ ಸುತ್ತಾಡಿ ಬರ್ತಾರೆ, ನನ್ನ ಮಕ್ಕಳು."