ಇದ್ದಿಲಿಗೆ ಹೋದ ಗುಡ್ಡ

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ರಾಣೆಬೆನ್ನೂರು, ಹಾವೇರಿ ಕಡೆಯ ಬಸ್ಸುಗಳು ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲಿನ ಮೇಲೆಯೇ ಓಡುತ್ತಿದ್ದವು. ನಾನು ಬ್ಯಾಡಗಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಇದ್ದಿಲಿಗೆ ಗಿರಾಕಿ ಹೆಚ್ಚಿದ್ದನ್ನು ನೋಡಿ ಮಾವನವರು ನಮ್ಮ ಹೊಲದ ಮೇಲಿನ ಗುಡ್ಡದ ಮರಗಳನ್ನೆಲ್ಲ ಕಡಿಸಿ ಸುಡಿಸಿದರು.

ಮರುವರ್ಷ ಮುಂಗಾರು ಬರಲಿಲ್ಲ. ಬೋಳು ಗುಡ್ಡದಿಂದ ಇಳಿದು ಬರುವ ಗಾಳಿಗೆ ಮುಖ ಸುಡುತ್ತಿತ್ತು. ಬಾವಿಯ ತಳ ಕಂಡಿತು. ಊಟಕ್ಕೆ ಬಡಿಸುತ್ತ ಅತ್ತೆ ಮಾತು ತೆಗೆದರು.

"ನಾ ಈ ಮನಿಗೆ ಬಂದ ವರ್ಷನೂ ಮಳಿ ಹೋಗಿತ್ತರಿ. ಆದರ ಬಾವಿ ಬತ್ತಿರಲಿಲ್ಲ."

"ಮಳೀನ ಇಲ್ಲಂದ್ರ ಬಾವಿ ಏನ ಮಾಡತೈತಿ?" ಎಂದರು ಮಾವ.

"ಅವಾಗ ಗುಡ್ಡದಾಗ ಗಿಡ ಇದ್ದುವರಿ."

ಮಾವ ಊಟ ಮುಗಿಸಿ ಎದ್ದರು. ತಡವಾಗಿ ಒಂದು ಮಧ್ಯಾಹ್ನ ಮಳೆ ಹುಯ್ಯಿತು. ತಡೆಯುವ ಬೇರುಗಳಿಲ್ಲದೆ ಗುಡ್ಡದ ಮಣ್ಣೆಲ್ಲ ಕೆಂಪು ನೀರಾಗಿ ಇಳಿದು ಬಾವಿಯಲ್ಲಿ ಹೂಳಾಗಿ ತುಂಬಿಕೊಂಡಿತು. ಆಮೇಲೆ ಮತ್ತೆ ಬಿಸಿಲು. ಮಡಿಯಲ್ಲಿದ್ದ ಮೆಣಸಿನ ಸಸಿಗಳು ತಲೆ ಬಾಗಿಸಿದವು.

ಆಗ ಪಕ್ಕದ ಹೊಲದ ಮುದುಕಿ ಬಾಗಿಲಿಗೆ ಬಂದು ನನ್ನನ್ನು ಕರೆದಳು. "ಏನವಾ, ಸಸಿ ಒಣಗಾಕತ್ತಾವು, ನೀ ಸುಮ್ಮನ ಕುಂತೀಯಲ್ಲ! ಕೊಡ ತಗೊಂಡು ಲಗೂ ಬಾ. ನಮ್ಮ ಬಾವ್ಯಾಗ ಇನ್ನೂ ನೀರೈತಿ."

ಅವಳ ಬಾವಿಯಲ್ಲೂ ನೀರು ಹೆಚ್ಚಿರಲಿಲ್ಲ. ಆದರೂ ಹಿಂಗಾರು ಬರುವವರೆಗೆ ದಿನಾ ಸೇದಲು ಬಿಟ್ಟಳು. ಅತ್ತೆಯೂ ನಾನೂ ಹೊತ್ತು ತಂದ ನೀರಿನಿಂದ ಅರ್ಧ ಮಡಿ ಉಳಿಯಿತು. ಆ ವರ್ಷ ಮನೆಯಲ್ಲಿ ಒಲೆ ಉರಿದದ್ದು ಆ ಮೆಣಸಿನಕಾಯಿಯಿಂದಲೇ. ಇಂದಿಗೂ ಕೊಡ ಎತ್ತುವಾಗ ಅವಳನ್ನು ನೆನೆಯುತ್ತೇನೆ.

ಮಾವನವರು ಇದ್ದಿಲಿನ ವ್ಯಾಪಾರ ಬಿಟ್ಟರು. ಯಾರೂ ಹೇಳಲಿಲ್ಲ, ತಾವಾಗಿಯೇ ಬಿಟ್ಟರು. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿ, ಗುಡ್ಡಕ್ಕೆ ಅಡ್ಡಡ್ಡ ಕಲ್ಲಿನ ಒಡ್ಡು ಹಾಕಿಸಿ, ಒಡ್ಡಿನುದ್ದಕ್ಕೂ ಬೇವು, ಹೊಂಗೆಯ ಬೀಜ ಊರಿದರು. ಆಡುಗಳು ತಿಂದು ಹಾಕಿದಲ್ಲಿ ಮತ್ತೆ ಊರಿದರು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ಮನುಷ್ಯರಲ್ಲ ಅವರು. ಬೀಜದ ಚೀಲವನ್ನು ಮಾತ್ರ ಪ್ರತಿ ಮಳೆಗಾಲ ತಾವೇ ಹೊರುತ್ತಿದ್ದರು.

ಗಿಡಗಳು ಆಳೆತ್ತರ ಬೆಳೆದ ವರ್ಷ ದೊಡ್ಡ ಮಳೆಯಾಯಿತು. ಮಾವ ಗೋಣಿಚೀಲ ಹೊದ್ದು ಬಾವಿಯ ಕಟ್ಟೆಯ ಬಳಿಯೇ ನಿಂತಿದ್ದರು. ಗುಡ್ಡದಿಂದ ಬರುವ ನೀರು ಮೊದಲಿನಷ್ಟು ಕೆಂಪಾಗಿರಲಿಲ್ಲ.

"ಬಂದು ನೋಡ್ರಿ, ಕೆಂಪು ಕಡಿಮಿ ಆಗೈತಿ!" ಎಂದು ಅತ್ತೆಯನ್ನು ಕೂಗಿದರು. ಮಾವ ಅತ್ತೆಗೆ ಬಹುವಚನ ಹಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಮಳೆಯಲ್ಲೇ ಹೋಗಿ ನೋಡಿದರು. "ಖರೇ ಐತಿ," ಎಂದು ನಕ್ಕರು. "ಇನ್ನ ಒಳಗ ಬರ್ರಿ, ಪೂರಾ ತೊಯ್ದೀರಿ."