ಕಾರ್‌ಪೂಲ್‌ನ ಒಂದನೇ ನಂಬರ್

ಪರದೇಶದಲ್ಲಿ, ಎಜುಕೇಶನ್ ಹಿಲ್ ಬಡಾವಣೆಯಿಂದ ಕೆಂಟ್ ಊರಿನ ಆಫೀಸಿಗೆ ನಾವು ನಾಲ್ವರು ಕನ್ನಡಿಗರು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಕಾರು ನಮ್ಮಲ್ಲಿ ಹಿರಿಯರೊಬ್ಬರದ್ದು, ಓಡಿಸುವವರೂ ಅವರೇ, ಆದ್ದರಿಂದ ಕಾನೂನೂ ಅವರದ್ದೇ. ವಾರಕ್ಕೊಬ್ಬರು ಒಂದು ವಿಷಯ ಹಿಡಿದು ಹತ್ತು ಹಾಡುಗಳ ಸಿ.ಡಿ. ಮಾಡಿ ತರಬೇಕು, ಹತ್ತನೆಯದರಿಂದ ಇಳಿಯುತ್ತ ಒಂದನೆಯದಕ್ಕೆ ಬರಬೇಕು. ಅಷ್ಟಕ್ಕೆ ಸಾಕಾಗುವ ಟ್ರಾಫಿಕ್ ದಿನಾ ಇರುತ್ತಿತ್ತು.

ಪ್ರತಿ ಹಾಡಿಗೂ ಅವರು ಸ್ಟೀರಿಂಗ್ ಮೇಲಿಂದಲೇ ಬೆರಳೆತ್ತಿ ನಂಬರ್ ಸಾರುತ್ತಿದ್ದರು. ಹಳೆಯ ಹಾಡಾದರೆ ತಲೆದೂಗುವರು. ಹೊಸದಾದರೆ ಎರಡನೇ ಸಾಲಿಗೇ ಬಟನ್ ಒತ್ತಿ ಮುಂದಕ್ಕೆ ಹಾರಿಸಿ, "ಹೊಸದಾ? ಆಮೇಲೆ ನೋಡೋಣ" ಎನ್ನುವರು. ಆ 'ಆಮೇಲೆ' ಎಂದೂ ಬಂದದ್ದಿಲ್ಲ.

ನನ್ನ ಸರದಿಗೆ ಆಕಾಶದ ಚಂದ್ರನ ಮೇಲಿನ ಹಾಡುಗಳನ್ನು ಆರಿಸಿದೆ. ಒಂಬತ್ತು ಹಳೆಯವು, ಒಂದನೆಯದು ಮಾತ್ರ ಆ ವರ್ಷದ್ದೇ. ಅದನ್ನು ಹಾರಿಸಿದರೆ ನಾಳೆಯಿಂದ ಬಸ್ಸೇ ಗತಿಯಾಗಲಿ ಎಂದು ಹಟ ತೊಟ್ಟು ಕೂತಿದ್ದೆ. ಹಾಡು ಶುರುವಾದಾಗ ಅವರ ಕೈ ಬಟನ್ ಕಡೆ ಹೋಯಿತು. ಅಲ್ಲೇ ನಿಂತಿತು. ಮೆಲ್ಲಗೆ ವಾಲ್ಯೂಮ್ ಏರಿಸಿತು.

"ಸಾರ್, ನಾವು ಹೈವೇ ಬಿಟ್ಟು ಇಳೀಬೇಕಿದ್ದ ಎಕ್ಸಿಟ್ ದಾಟಿ ಹೋಯ್ತು!" ಎಂದು ಕೊನೆಗೆ ನಾನೇ ಕೂಗಬೇಕಾಯಿತು. "ಎಂಟೂವರೆಗೆ ಮೀಟಿಂಗ್ ಇದೆ!"

ಅವರು ರಸ್ತೆಯಿಂದ ಕಣ್ಣು ಕೀಳದೆ, ನನಗೆ ಸುಮ್ಮನಿರಲು ಬೆರಳು ತೋರಿಸಿದರು.

"ಮೀಟಿಂಗಾ? ಆಮೇಲೆ ನೋಡೋಣ."